ಕಾಗೆ ಬಾರದ ಮಾರ್ಲಮಿ

ಹಕ್ಕಿಯೊಂದು ವಿಮಾನಕ್ಕೆ ಗಾಯ ಮಾಡಬಲ್ಲದು ಎಂದು ಯಾರಾದರೂ ಹೇಳಿದ್ದರೆ ರಂಗಸ್ವಾಮಿ ನಕ್ಕು ಸುಮ್ಮನಾಗುತ್ತಿದ್ದ. ಗುಬ್ಬಿ ಒದ್ದು ಆನೆ ಬಿತ್ತಂತೆ ಅನ್ನುವ ಮಾತಿಗೆ ಎಷ್ಟು ಬೆಲೆಯೋ ಇದಕ್ಕೂ ಅಷ್ಟೇ. ಆದರೆ ವಿಮಾನ ಕಲಿಸುವ ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲೇ ಅಲ್ಲಿನ ಮುಖ್ಯಸ್ಥ ಕ್ಯಾಪ್ಟನ್ ಆತ್ರೇಯ ಅವನನ್ನು ಶೆಡ್ಡಿಗೆ ಕರೆದು, ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ರೆಕ್ಕೆಯೊಂದನ್ನು ತೋರಿಸಿದರು. ಅದರ ಮುಂದಿನ ಅಂಚು ಒಳಕ್ಕೆ ಕುಸಿದು, ತಗಡು ಹರಿದು, ಮುಷ್ಟಿ ತೂರುವಷ್ಟು ತೂತು ಬಿದ್ದಿತ್ತು.

"ಇದನ್ನ ಮಾಡಿದ್ದು ಏನಿರಬಹುದು ಹೇಳಿ, ರಂಗಸ್ವಾಮಿ."

"ಲಾರಿ ಗುದ್ದಿರ್ಬೇಕು ಸಾ."

"ಟಿಟ್ಟಿಭ. ನಿಮ್ಮ ಕೆರೆ ಅಂಗಳದಲ್ಲಿ ರಾತ್ರಿಯೆಲ್ಲ ಕೂಗುತ್ತಲ್ಲ, ಅದೇ ಹಕ್ಕಿ."

ರಂಗಸ್ವಾಮಿ ಆ ತೂತಿನೊಳಗೆ ಕೈಯಿಟ್ಟು ನೋಡಿದ. ಪಾರಿವಾಳದಷ್ಟರ ಹಕ್ಕಿ. ಗೂಡು ಕಟ್ಟಲೂ ಸೋಮಾರಿತನ ಮಾಡಿ ನೆಲದ ಮೇಲೆ ಮೊಟ್ಟೆ ಇಡುವ ಬಡಪಾಯಿ. ಅದು ಈ ತಗಡನ್ನು ಹರಿದಿದೆ! ಅದೇ ಶಾಲೆಯಲ್ಲಿ ಅವನ ಮಗಳು ಅನುಶ್ರೀ ವಿಮಾನ ಹಾರಿಸುವುದನ್ನು ಕಲಿಯುವವಳಿದ್ದಳು. ಅವಳ ಮುಖದ ಮುಂದಿರುವುದು ತಗಡೂ ಅಲ್ಲ, ಬರೀ ಗಾಜು.

ಹೊಳೆನರಸೀಪುರದಿಂದ ಹಳ್ಳಿಮೈಸೂರಿಗೆ ಹೋಗುವ ದಾರಿಯಲ್ಲಿ, ಕಲ್ಲುಕೊಪ್ಪಲಿನ ಬಯಲಿನಲ್ಲಿ ಆ ಶಾಲೆ ಎದ್ದಿತ್ತು. ಊರವರಿಗೆ ಅದು ಏರೋಪ್ಲೇನ್ ಸ್ಕೂಲು. ಒಂದು ರನ್‌ವೇ, ಎರಡು ಶೆಡ್ಡು, ಬಿಳಿಯ ಪುಟ್ಟ ವಿಮಾನಗಳು ನಾಲ್ಕು. ರಂಗಸ್ವಾಮಿಯ ಅಪ್ಪ ತಮ್ಮಯ್ಯನ ರಾಗಿ ಹೊಲವೂ ಅದರಡಿಗೆ ಹೋಯಿತು. ಜಮೀನು ಕೊಟ್ಟ ಮನೆಗೆ ಒಂದು ಕೆಲಸ, ಓದಿದ ಮಕ್ಕಳಿದ್ದರೆ ಒಂದು ಸೀಟು ಎಂದು ಮಾತಾಗಿತ್ತು. ಸೀಟನ್ನು ಅನುಶ್ರೀ ತೆಗೆದುಕೊಂಡಳು. ಪಿಯುಸಿ ಮುಗಿಸಿದ ಹುಡುಗಿಗೆ ಟೀಚರ್ ಟ್ರೈನಿಂಗ್ ಬಿಟ್ಟು ಇದೆಂಥ ಹುಚ್ಚು ಎಂದು ಊರಿನ ಅರಳಿಕಟ್ಟೆ ಒಂದು ತಿಂಗಳು ನಕ್ಕಿತು. ಆಮೇಲೆ ಅವಳು ಕಲಿಸುವವರ ಜೊತೆ ಊರ ಮೇಲೆ ಹಾರಿದಾಗ ಅದೇ ಅರಳಿಕಟ್ಟೆ ಎದ್ದು ನಿಂತು ಕೈಬೀಸಿತು. ಅರಳಿಕಟ್ಟೆಗೆ ನಾಚಿಕೆ ಎಲ್ಲಿಂದ ಬರಬೇಕು!

ರಂಗಸ್ವಾಮಿಗೆ ಸಿಕ್ಕಿದ್ದು ಹಕ್ಕಿ ಓಡಿಸುವ ಕೆಲಸ. ಅವನ ತಾಯಿ ನಂಜಮ್ಮ ಅದನ್ನು ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. "ಅಲ್ಲ ಕಣ್ಲಾ ರಂಗ, ಸಣ್ಣೋನಿದ್ದಾಗ ಸ್ಕೂಲು ತಪ್ಸಿ ಅಟ್ಟಣೆ ಮ್ಯಾಲೆ ಕುಂತು ಗಿಣಿ ಓಡುಸ್ತಿದ್ದೆ ಅಂತ ನಿಮ್ಮಪ್ಪ ಬಾಸುಂಡೆ ಬರಂಗೆ ಒಡೀತಿತ್ತು. ಈಗ ಅದ್ಕೇ ಸಂಬ್ಳ ಕೊಡ್ತಾರಂತೆ!"

ಆದರೆ ಅವನಿಗೆ ಅದು ನಗುವ ಕೆಲಸವಾಗಿ ಉಳಿಯಲಿಲ್ಲ. ಆ ತೂತು ನೋಡಿದ ಮೇಲೆ ಆಕಾಶವೆಲ್ಲ ಅವನ ಹೊಲವಾಯಿತು. ರನ್‌ವೇ ಪಕ್ಕದ ಹುಲ್ಲು ಕೊಯ್ಯಿಸಿದ. ಬೆಳ್ಳಕ್ಕಿ ಇಳಿಯುವ ಗುಂಡಿಗಳಿಗೆ ಮಣ್ಣು ತುಂಬಿಸಿದ. ಮೊದಲ ಮಳೆಗೆ ಈಸಲು ಹುಳು ಏಳುವ ಹುತ್ತಗಳನ್ನು ಅಗೆಸಿದ. ರಸ್ತೆಯಲ್ಲಿ ನಾಯಿ ಸತ್ತರೆ ತಾನೇ ಗೋಣಿಯಲ್ಲಿ ಕಟ್ಟಿ ಹೊಳೆಯಾಚೆ ಹೂತು ಬಂದ. ಸ್ಕೂಲಿನವರು ಕೊಟ್ಟ ಗ್ಯಾಸ್ ಗನ್ನು ಢಂ ಅಂದರೆ ಹಕ್ಕಿಗಳು ಎದ್ದು ಮತ್ತೆ ಕೂರುತ್ತಿದ್ದವು, ಅವನು ಕೈ ಬಾಯಿಗಿಟ್ಟು "ಓ... ಹೋ... ಯ್!" ಎಂದು ಒಂದು ಕೂಗು ಹಾಕಿದರೆ ಎದ್ದವು ಹಿಂದಿರುಗಿ ನೋಡುತ್ತಿರಲಿಲ್ಲ. ಎರಡು ವರ್ಷದೊಳಗೆ ಕಲ್ಲುಕೊಪ್ಪಲಿನ ಸುತ್ತ ಕಾಗೆಯ ಕೂಗೂ ಅಪರೂಪವಾಯಿತು.

ಒಂದು ಮಾತನ್ನು ಆತ್ರೇಯ ಆಗಾಗ ಹೇಳುತ್ತಿದ್ದರು. "ಬೇಲಿಯ ಹೊರಗೂ ನಿಗಾ ಇರಲಿ, ರಂಗಸ್ವಾಮಿ. ಇಳಿಯೋ ವಿಮಾನ ಬೇಲಿಗೆ ಬರೋ ಮೊದಲೇ ತಗ್ಗಿರುತ್ತೆ. ಅಲ್ಲಿ ಹಕ್ಕಿ ಸಿಕ್ಕರೆ ಮೇಲೇಳೋಕೆ ಪುರುಸೊತ್ತಿರಲ್ಲ."

ಅವನು "ಊಂ ಸಾ" ಅನ್ನುತ್ತಿದ್ದ. ಆದರೆ ರೈತನ ಮಗ. ಬೇಲಿಯೊಳಗಿನದು ತನ್ನ ಹೊಣೆ, ಹೊರಗಿನದು ಊರಿನದು ಎಂಬುದು ಅವನ ಮೈಯಲ್ಲೇ ಇತ್ತು. ಮೇಲಾಗಿ ವಿಮಾನ ಇಳಿಯಲು ಬರುವ ರನ್‌ವೇ ತುದಿಯಲ್ಲಿ, ಬೇಲಿಗೆ ಅಂಟಿದಂತೆ ಹೊರಗಿದ್ದದ್ದು ತಮ್ಮಯ್ಯನ ಸಮಾಧಿ. ಜಮೀನು ಬಿಡುವಾಗ ನಂಜಮ್ಮ "ನನ್ನ ಗಂಡನ ಗುಡ್ಡೆ ಮ್ಯಾಲೆ ಚಕ್ರ ಉರುಳ್ಸಿದ್ರೆ ನಾನೂ ಅಲ್ಲೇ ಮಲೀಕತೀನಿ" ಎಂದು ಹಟ ಹಿಡಿದದ್ದಕ್ಕೆ ಬೇಲಿಯನ್ನು ಒಂದಿಷ್ಟು ಒಳಕ್ಕೆ ಬಾಗಿಸಿ ಆ ತುಂಡು ನೆಲವನ್ನು ಬಿಟ್ಟುಕೊಟ್ಟಿದ್ದರು.

ಆ ವರ್ಷದ ಮಾರ್ಲಮಿ ಬಂತು. ಮಹಾಲಯ ಅಮಾವಾಸ್ಯೆಯ ದಿನ ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ. ಅವರು ಬದುಕಿದ್ದಾಗ ಏನೇನು ಇಷ್ಟಪಟ್ಟು ತಿಂದರೋ ಅದನ್ನೆಲ್ಲ ಮಾಡಿ, ಬಾಳೆಲೆಯಲ್ಲಿ ಬಡಿಸಿ, ಅದರಲ್ಲಿ ಒಂದು ಪಾಲನ್ನು ತಾರಸಿಯ ಮೇಲೆ ಇಡಬೇಕು. ಕಾಗೆ ಬಂದು ಮುಟ್ಟಿದರೆ ಹಿರಿಯರು ಬಂದು ಉಂಡಂತೆ. ಅದು ಮುಟ್ಟುವ ತನಕ ಮನೆಯವರು ಅನ್ನ ಮುಟ್ಟುವಂತಿಲ್ಲ.

ಈ ಸಲ ನಂಜಮ್ಮನಿಗೆ ಹಬ್ಬಕ್ಕಿಂತ ದೊಡ್ಡ ಕಾರಣವಿತ್ತು. ಮಾರನೆಯ ದಿನ ಅನುಶ್ರೀ ಮೊದಲ ಸಲ ಒಬ್ಬಳೇ ಹಾರುವವಳಿದ್ದಳು, ಪಕ್ಕದಲ್ಲಿ ಕಲಿಸುವವರಿಲ್ಲದೆ. "ನಾಳೀಕೆ ನನ್ನ ಮೊಮ್ಮಗ್ಳು ಒಬ್ಳೇ ಆರ್ತದೆ. ಇವತ್ತು ಅವ್ರ ತಾತ ಬಂದು ಎಡೆ ಮುಟ್ಟಿ ಅರುಸ್ಲೇಬೇಕು" ಎಂದು ನಸುಕಿನಲ್ಲೇ ಮಿಂದು ಒಲೆಯ ಮುಂದೆ ಕೂತಳು. ರಂಗಸ್ವಾಮಿಯ ಹೆಂಡತಿ ಸ್ನೇಹಲತಾ ಗಸಗಸೆ, ಚಕ್ಕೆ, ಲವಂಗ, ಕೊಬ್ಬರಿ ಹುರಿದು ಮಟನ್ ಸಾರು ಮಾಡಿದಳು. ಲಿವರು ಬೇರೆ ಹುರಿದಳು. ಕಜ್ಜಾಯ, ವಡೆ, ಮುದ್ದೆ. ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ, ತಮ್ಮಯ್ಯ ಸಂಜೆ ಹೊತ್ತು ಗುಟ್ಟಾಗಿ ಕುಡಿಯುತ್ತಿದ್ದ ಬ್ರಾಂಡಿಯ ಸಣ್ಣ ಬಾಟಲಿ. ಬದುಕಿದ್ದಾಗ ಅದಕ್ಕಾಗಿ ಗಂಡನನ್ನು ಬಯ್ಯುತ್ತಿದ್ದ ನಂಜಮ್ಮನೇ ಈಗ ಮುಚ್ಚಳ ತೆಗೆದಿಟ್ಟಳು.

ಬೆಳಿಗ್ಗೆ ಮೋಡ ಕವಿದಿತ್ತು. ಅನುಶ್ರೀ ಬಿಳಿ ಅಂಗಿ ಹಾಕಿಕೊಂಡು ಹೊರಟಾಗ ಸ್ನೇಹಲತಾ ಅವಳ ಜಡೆಗೆ ಕನಕಾಂಬರ ಮುಡಿಸಿದಳು.

"ಅಬ್ಬದ ದಿನಾನೂ ಏನವ್ವ ಸ್ಕೂಲು?" ಎಂದು ರಂಗಸ್ವಾಮಿ ಕೇಳಿದ. "ಸಾಹೇಬ್ರು ನಿನ್ನೆನೇ ಅಂದವ್ರೆ, ಅರ್ಧಕ್ಕರ್ಧ ಜನ ರಜ, ಇವತ್ತು ಏರೋಪ್ಲೇನು ಎತ್ತಲ್ಲ ಅಂತ."

"ಬರೀ ಪಾಠ ಅಪ್ಪ. ಎಡೆ ಹೊತ್ಗೆ ಬತ್ತೀನಿ" ಎಂದು ಅವಳು ಮುಖ ಎತ್ತದೆ ಚಪ್ಪಲಿ ಮೆಟ್ಟಿಕೊಂಡು ಸ್ಕೂಟರ್ ಹತ್ತಿದಳು. ಅಮಾವಾಸ್ಯೆಯ ದಿನ ಹೊಸ ಚಪ್ಪಲಿಯನ್ನೂ ಮೆಟ್ಟದ ಮನೆ ಅದು. ಅಂಥ ಮನೆಯ ಮಗಳು ಆ ದಿನ ಏನಾದರೂ ಹೊಸದು ಶುರುಮಾಡಿಯಾಳು ಎಂಬ ಅನುಮಾನ ಯಾರಿಗೆ ಬರಬೇಕು?

ಮಧ್ಯಾಹ್ನದ ಹೊತ್ತಿಗೆ ತಾರಸಿಯ ಮೇಲೆ ಎಡೆ ಇಟ್ಟರು. ರಂಗಸ್ವಾಮಿ "ಕಾ... ಕಾ... ಬಾ..." ಎಂದು ಕರೆದ. ಎರಡು ವರ್ಷ ಓಡಿಸಿದ ಗಂಟಲಿನಿಂದ ಆ ಕರೆ ಹೊರಡಲು ನಾಚುತ್ತಿತ್ತು. ಒಂದು ಕಾಗೆಯೂ ಬರಲಿಲ್ಲ. ತೆಂಗಿನ ಮರಗಳು ಬರಿದಾಗಿದ್ದವು, ವಿದ್ಯುತ್ ತಂತಿ ಬರಿದಾಗಿತ್ತು. ಇರುವೆಗಳು ಮಾತ್ರ ಸಾಲುಗಟ್ಟಿ ಕಜ್ಜಾಯದ ಕಡೆ ಹೊರಟವು. ಆಚೆ ಬೀದಿಯವರು ಕಾಗೆ ಸಿಗದೆ ಹಸುವಿಗೆ ತಿನ್ನಿಸಿ ಹಬ್ಬ ಮುಗಿಸಿದರಂತೆ ಎಂದು ಸ್ನೇಹಲತಾ ಮೆಲ್ಲಗೆ ಹೇಳಿ ನೋಡಿದಳು.

"ಹಸ ಮಟನ್ ತಿಂತದಾ?" ನಂಜಮ್ಮ ಕೆಳಗಿನಿಂದಲೇ ಸಿಡಿದಳು. "ನನ್ನ ಗಂಡ ಬಾಡಿಲ್ದೆ ಒಂದು ದಿನ ಅಬ್ಬ ಉಂಡೋನಲ್ಲ. ಲೇ ರಂಗ, ಪಟಾಕಿ ಒಡ್ದು ಗಂಟ್ಲು ಅರ್ಕಂಡು ಇರೋ ಕಾಗೆನೆಲ್ಲಾ ಓಡ್ಸ್ಬುಟ್ಟಲ್ಲೋ! ಆ ಕಾಗೆ ಜತೆಗೆ ನಿಮ್ಮಪ್ಪನ್ನೂ ಓಡುಸ್ದೆ ಕಣ್ಲಾ!"

ಮಾತು ಚುರುಕ್ಕೆಂದಿತು. ಕೆಳಗಿಳಿದು ಬಂದಾಗ ಅದಕ್ಕಿಂತ ಹೆಚ್ಚಾಗಿ ಅವನನ್ನು ಹೆದರಿಸಿದ್ದು ಅವಳ ಮುಖ. ನಂಜಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದ್ದಳು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ಕೈ ನಡುಗುತ್ತಿತ್ತು.

"ಅವ್ವ, ಒಂದು ಲೋಟ ಮಜ್ಜಿಗೆನಾರ ಕುಡಿ."

"ಅವ್ರು ಉಣ್ದೆ ನಾನು ಕುಡುದ್ರೆ ನಾಳೆ ಆ ಮಗೀಗೇನಾರ ಆದ್ರೆ ಯಾರ್ಲಾ ಒಣೆ?"

ರಂಗಸ್ವಾಮಿ ಮತ್ತೆ ತಾರಸಿಗೆ ಹತ್ತಿದ. ಮಗಳಿನ್ನೂ ಬಂದಿರಲಿಲ್ಲ, ಫೋನೂ ಎತ್ತಲಿಲ್ಲ. ಪಾಠದಲ್ಲಿರಬೇಕು ಅಂದುಕೊಂಡ. ತಾರಸಿಯ ಎಲೆಯನ್ನು ಹಾಗೆಯೇ ಮಡಿಸಿ ತಟ್ಟೆಯಲ್ಲಿಟ್ಟುಕೊಂಡು, ಹೆಂಡತಿಯಿಂದ ಮೇಲೊಂದಿಷ್ಟು ಮಟನ್ ತುಂಡು ಹಾಕಿಸಿಕೊಂಡು, ಅವ್ವನಿಗೆ ಹೇಳದೆ ಬೈಕು ಹತ್ತಿದ. ಕಾಗೆಯನ್ನು ಹೇಗೆ ಕರೆಯಬೇಕು ಎಂಬುದು ಓಡಿಸುವವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಹದ್ದು ಎಲ್ಲಿ ಸುತ್ತುತ್ತದೋ ಅಲ್ಲಿಗೆ ಕಾಗೆ ಬಂದೇ ಬರುತ್ತದೆ. ಹದ್ದಿನ ಕಣ್ಣಿಗೆ ಹೊಳೆಯಾಚೆಯ ಮಾಂಸವೂ ಕಾಣುತ್ತದೆ. ಎಡೆಗೆ ಅಪ್ಪನ ಗುಡ್ಡೆಗಿಂತ ಒಳ್ಳೆಯ ಜಾಗ ಯಾವುದು? ಬೇಲಿಯ ಹೊರಗೆ. ಅದೂ ವಿಮಾನ ಏಳದ ದಿನ.

ಅಷ್ಟರಲ್ಲಿ ಮೋಡ ಸರಿದು, ಎಷ್ಟೋ ದಿನದ ಮೇಲೆ ಆಕಾಶ ತೊಳೆದಿಟ್ಟ ಹಾಗೆ ತೆರೆದಿತ್ತು. ಗಾಳಿ ನಿಂತಿತ್ತು. ಅದನ್ನು ಅವನು ಕಂಡ, ಕಂಡು ಹದ್ದು ಬರಲು ಒಳ್ಳೆಯ ಹೊತ್ತು ಅಂದುಕೊಂಡ.

ಸಮಾಧಿಯ ಕಲ್ಲಿನ ಮೇಲೆ ಎಲೆ ಹರಡಿದ. ಒಂದು ತುಂಡು ಮಾಂಸ ತೆಗೆದು ಮೇಲಕ್ಕೆ ಎಸೆದ. ಬಿದ್ದಿತು. ಇನ್ನೊಂದು ಎಸೆದ. ಹೊಳೆಯ ಕಡೆಯಿಂದ ಒಂದು ಕರಿಹದ್ದು ತೇಲಿಬಂತು, ಮತ್ತೊಂದು. ಮೂರನೆಯ ತುಂಡನ್ನು ಗಾಳಿಯಲ್ಲೇ ಹಿಡಿದು ಹೋಯಿತು. ಎಲ್ಲಿದ್ದವೋ, ನೋಡುನೋಡುತ್ತ ತಲೆಯ ಮೇಲೆ ಹದ್ದುಗಳ ಗಾಣ ತಿರುಗತೊಡಗಿತು. ಅವುಗಳ ಹಿಂದೆಯೇ ಕಾಗೆಗಳು, ಕೂಗುತ್ತ, ಬಯ್ಯುತ್ತ, ಬೇಲಿಯ ಮೇಲೆ, ಕಲ್ಲಿನ ಮೇಲೆ, ನೆಲದ ಮೇಲೆ ಇಳಿದವು. ಕತ್ತು ಬೂದಿಬಣ್ಣದ ಒಂದು ಕಾಗೆ ಕುಪ್ಪಳಿಸುತ್ತ ಬಂದು, ತಲೆ ವಾರೆ ಮಾಡಿ ಅವನನ್ನೇ ನೋಡಿ, ಲಿವರಿನ ತುಂಡೊಂದನ್ನು ಕುಕ್ಕಿತು.

ರಂಗಸ್ವಾಮಿಯ ಕಣ್ಣಲ್ಲಿ ನೀರು ಬಂತು. ಅಪ್ಪನೂ ಹಾಗೆಯೇ ತಲೆ ವಾರೆ ಮಾಡಿ ನೋಡುತ್ತಿದ್ದ. ಅವನು ಮನೆಗೆ ಫೋನು ಮಾಡಿ "ಮುಟ್ತು ಲತಾ, ಮುಟ್ತು! ಅವ್ವುಂಗೆ ಬಡ್ಸು" ಅಂದ. ಆ ಕಡೆ ನಂಜಮ್ಮ "ಬಂದ್ರಾ? ಬಂದ್ಬುಟ್ರಾ?" ಎಂದು ಅಳುವುದು ಕೇಳಿಸಿತು.

ಫೋನು ಕಿವಿಯಲ್ಲಿರುವಾಗಲೇ ಇನ್ನೊಂದು ಸದ್ದು ಕೇಳಿಸಿತು. ಮೊದಲು ಅದು ಟ್ರ್ಯಾಕ್ಟರೆಂದುಕೊಂಡ. ತಿರುಗಿ ನೋಡಿದ. ತೆಂಗಿನ ಮರಗಳ ತಲೆಯ ಮೇಲಿನಿಂದ ಬಿಳಿಯ ವಿಮಾನವೊಂದು ಇಳಿಯುತ್ತ, ನೇರ ಅವನ ಕಡೆಗೇ ಬರುತ್ತಿತ್ತು.

ಇಲ್ಲ, ಇವತ್ತು ಇಲ್ಲ, ಇವತ್ತು ಎತ್ತಲ್ಲ ಅಂದಿದ್ದರು. ವಿಮಾನಕ್ಕೆ ಅದು ಗೊತ್ತಿರಲಿಲ್ಲ, ಅದು ಬರುತ್ತಲೇ ಇತ್ತು. ಹದ್ದುಗಳು ಅದರ ದಾರಿಯಲ್ಲೇ ಸುತ್ತುತ್ತಿದ್ದವು. ರಂಗಸ್ವಾಮಿ ಹೆಗಲ ಟವಲು ಕಿತ್ತು ಬೀಸಿದ. ಅವನ ಬಾಯಿಂದ, ಅವನು ಯೋಚಿಸುವ ಮೊದಲೇ, ಎರಡು ವರ್ಷದ ಅಭ್ಯಾಸ ಹೊರಬಿತ್ತು.

"ಓ... ಹೋ... ಯ್!"

ಕೂಗಿದ ಮೇಲೆ ಅವನಿಗೆ ಗೊತ್ತಾಯಿತು. ನೆಲದ ಮೇಲೆ ತೆಪ್ಪಗೆ ತಿನ್ನುತ್ತಿದ್ದ ಕಾಗೆಗಳು, ಕಲ್ಲಿನ ಮೇಲೆ ಕೂತಿದ್ದ ಹದ್ದುಗಳು, ಎಲ್ಲವೂ ಒಂದೇ ಏಟಿಗೆ ಮೇಲೆದ್ದವು. ಆ ಕೂಗಿಗೆ ಕೂತಿರುವ ಹಕ್ಕಿಯೇ ಆ ಸೀಮೆಯಲ್ಲಿ ಇರಲಿಲ್ಲ. ಕಾಲಲ್ಲಿ ಮಾಂಸದ ತುಂಡು ಹಿಡಿದ ಹದ್ದೊಂದು ಭಾರಕ್ಕೆ ತಡವರಿಸುತ್ತ, ರೆಕ್ಕೆ ಬಡಿಯುತ್ತ, ವಿಮಾನದ ಎದುರಿಗೇ ಏರಿತು.

ಎಳನೀರು ಕಲ್ಲಿನ ಮೇಲೆ ಬಿದ್ದಂಥ ಸದ್ದು. ಅಷ್ಟೇ. ವಿಮಾನದ ಮೂತಿ ಒಮ್ಮೆ ಕುಸಿಯಿತು, ಎದ್ದಿತು, ಒಂದು ರೆಕ್ಕೆ ವಾಲಿತು. ಗರಿಗಳು ಅವನ ಮೈಮೇಲೆ ಉದುರುತ್ತಿರುವಾಗ ಅದು ಬೇಲಿ ದಾಟಿ ಒಂದೇ ಚಕ್ರದ ಮೇಲೆ ನೆಲಕ್ಕೆ ಅಪ್ಪಳಿಸಿ, ಪುಟಿದು, ರನ್‌ವೇ ಬಿಟ್ಟು ಹುಲ್ಲಿನೊಳಕ್ಕೆ ಜಾರುತ್ತ ಹೋಗಿ ಓರೆಯಾಗಿ ನಿಂತಿತು. ಆಮೇಲೆ ಯಾವ ಸದ್ದೂ ಇಲ್ಲ.

ರಂಗಸ್ವಾಮಿ ಮುಳ್ಳುತಂತಿಯನ್ನು ಹೇಗೆ ದಾಟಿದನೋ ಅವನಿಗೇ ಗೊತ್ತಿಲ್ಲ. ಅಂಗೈ ಹರಿದು ರಕ್ತ ಸೋರುತ್ತಿತ್ತು. ಓಡುತ್ತ ಓಡುತ್ತ ಒಂದೇ ಮಾತು ಹೊಂದಿಸಿಕೊಳ್ಳುತ್ತಿದ್ದ. ತಪ್ಪಾಯ್ತು ಸಾ, ಕಾಲಿಗೆ ಬೀಳ್ತೀನಿ ಸಾ. ರಜೆಯ ದಿನ ತಾನೇ ಹಾರಾಡುವ ಚಪಲ ಆತ್ರೇಯರಿಗಲ್ಲದೆ ಇನ್ನಾರಿಗಿದೆ?

ಆಗ ಆಚೆ ಕಡೆಯಿಂದ ಜೀಪು ಬಂದು ಕಿರ್ರೆಂದು ನಿಂತಿತು. ಅದರಿಂದ ಆತ್ರೇಯ ಹಾರಿ ಇಳಿದರು.

ಆತ್ರೇಯ ಜೀಪಿನಲ್ಲಿದ್ದರೆ ವಿಮಾನದಲ್ಲಿ ಯಾರು?

ಓಡುತ್ತಿದ್ದ ಕಾಲುಗಳು ಅಲ್ಲೇ ನಿಂತುಬಿಟ್ಟವು. ಆತ್ರೇಯ ವಿಮಾನದ ಬಾಗಿಲು ಕಿತ್ತು ತೆಗೆದು ಒಳಗಿದ್ದವರನ್ನು ಹೊರಕ್ಕೆ ಎಳೆದುಕೊಂಡರು. ಬಿಳಿ ಅಂಗಿ ಎದೆಯವರೆಗೆ ಕೆಂಪಾಗಿತ್ತು. ಮುಖವೇ ಇರಲಿಲ್ಲ, ರಕ್ತ ಮತ್ತು ಗರಿ ಅಂಟಿದ ಏನೋ ಒಂದು ಇತ್ತು. ತಲೆ ಹಿಂದಕ್ಕೆ ವಾಲಿ ಜಡೆ ಜೋತುಬಿತ್ತು. ಜಡೆಯಲ್ಲಿ ಕನಕಾಂಬರ ಇತ್ತು.

ಅವನು ಕಿರುಚಿದನೋ ಇಲ್ಲವೋ, ಅವನಿಗೆ ನೆನಪಿಲ್ಲ. ನೆನಪಿರುವುದು ಇಷ್ಟೇ, ಮಗಳ ಕೈ ಗಾಳಿಯಲ್ಲಿ ತಡಕಾಡುತ್ತಿತ್ತು ಮತ್ತು ಅವಳು "ಸರ್, ಇಳಿಸಿದೆ ಸರ್, ಇಳಿಸಿದೆನಲ್ಲಾ?" ಎಂದು ಕೇಳುತ್ತಿದ್ದಳು.

ಹಾಸನದ ಆಸ್ಪತ್ರೆಯಲ್ಲಿ ಸಂಜೆಯವರೆಗೆ ಆಪರೇಷನ್ ನಡೆಯಿತು. ಜೀವಕ್ಕೆ ಭಯವಿಲ್ಲ ಅಂದರು. ಬಲಗಣ್ಣು ಉಳಿಯುತ್ತದೆ, ಎಡಗಣ್ಣಿನೊಳಗೆ ಗಾಜು ಹೊಕ್ಕಿದೆ, ಅದರ ಆಸೆ ಬಿಡಿ ಅಂದರು. ಡಾಕ್ಟರು ಇದನ್ನು ಎಷ್ಟು ಮೆತ್ತಗೆ ಹೇಳಿದರೆಂದರೆ ರಂಗಸ್ವಾಮಿಗೆ ಅದು ತನ್ನ ಮಗಳ ಕಣ್ಣಿನ ಮಾತು ಎಂದು ತಿಳಿಯಲು ಹೊತ್ತು ಹಿಡಿಯಿತು. ತಿಳಿದ ಮೇಲೆ ಗೋಡೆ ಹಿಡಿದು ಕೂತ. ಒಂದು ಕಣ್ಣಿನವರಿಗೆ ವಿಮಾನ ಕೊಡುತ್ತಾರೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಆತ್ರೇಯ ಬಂದು ಅವನ ಪಕ್ಕ ಬೆಂಚಿನ ಮೇಲೆ ಕೂತರು. ಅವರ ಅಂಗಿಯ ಮೇಲೂ ರಕ್ತ ಒಣಗಿತ್ತು.

"ತಪ್ಪು ನನ್ನದೂ ಇದೆ, ರಂಗಸ್ವಾಮಿ. ಮಧ್ಯಾಹ್ನ ಆಕಾಶ ತೆರೀತು. ಅವಳೇ ಕೇಳಿದಳು, ಇವತ್ತೇ ಹೋಗ್ತೀನಿ ಸರ್ ಅಂತ. ಬೆಳಗಿನಿಂದ ಅದಕ್ಕೇ ಕಾದಿದ್ದಳು. ಮನೇಲಿ ಹೇಳಬೇಡಿ, ಅಮಾವಾಸ್ಯೆ ಅಂತ ಅಜ್ಜಿ ಬಿಡಲ್ಲ, ಇಳಿದು ಹೋಗಿ ಎಡೆ ಮುಂದೆ ನಾನೇ ಹೇಳ್ತೀನಿ ಅಂದಳು. ನಾನು ರನ್‌ವೇ ಪೂರ್ತಿ ಸುತ್ತಿ ನೋಡಿದೆ. ಒಂದು ಗುಬ್ಬಿ ಇರಲಿಲ್ಲ. ಹಕ್ಕಿ ನೋಡಿಕೋ ಅಂದರೆ ಏನಂದಳು ಗೊತ್ತಾ? 'ಇದು ನಮ್ಮಪ್ಪ ಗುಡಿಸಿಟ್ಟಿರೋ ಆಕಾಶ ಸರ್' ಅಂದಳು."

ರಂಗಸ್ವಾಮಿ ಅಂಗೈಗೆ ಸುತ್ತಿದ್ದ ಬ್ಯಾಂಡೇಜನ್ನು ಬಿಗಿದುಕೊಂಡ.

"ಆ ಹದ್ದಿನ ಕಾಲಲ್ಲಿ ಬೆಂದ ಮಾಂಸ ಇತ್ತು ಕಣ್ರೀ" ಎಂದರು ಆತ್ರೇಯ. "ಗಾಜಿನ ಜೊತೆ ಒಳಗೆ ಬಿದ್ದಿದೆ. ಎಲ್ಲ ರಸ್ತೆ ಬದಿಯ ಆ ಚಿಕ್ಕಯ್ಯನ ಮಿಲಿಟರಿ ಹೋಟ್ಲು ಕಿತಾಪತಿ. ಉಳಿದ ಬಾಡನ್ನ ಹಿತ್ತಿಲಿಗೆ ಸುರೀಬೇಡ ಅಂತ ಎಷ್ಟು ಸಲ ಹೇಳಿದ್ದೀವಿ. ನಾಳೆ ಪೊಲೀಸರನ್ನ ಕರ್ಕೊಂಡು ಹೋಗಿ ಬಾಗಿಲು ಹಾಕಿಸ್ತೀನಿ. ನೀವೂ ಬನ್ನಿ, ನೀವೇ ಕಂಡವರು."

ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರಲ್ಲ, ಆ ಮಾತನ್ನು ರಂಗಸ್ವಾಮಿ ಎಷ್ಟೋ ಪಂಚಾಯಿತಿಗಳಲ್ಲಿ ಬೇರೆಯವರಿಗೆ ಅಂದವನು. ಈಗ ಅದು ಅವನ ಕಡೆಗೇ ತಿರುಗಿತು. "ಊಂ ಸಾ" ಎಂದ. ತಾನು ಹಾಗೆ ಅಂದದ್ದು ಕೇಳಿ ತಾನೇ ಬೆಚ್ಚಿಬಿದ್ದ.

ಮಾರನೆಯ ಬೆಳಿಗ್ಗೆ ನಂಜಮ್ಮ ಸೊಸೆಯ ಜೊತೆ ಕ್ಯಾರಿಯರ್ ಹಿಡಿದು ಬಂದಳು. ಅನುಶ್ರೀಯ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಎಡಗಣ್ಣಿನ ಸುದ್ದಿ ಅವಳಿಗೂ ಅಜ್ಜಿಗೂ ಇನ್ನೂ ಹೇಳಿರಲಿಲ್ಲ. ನಂಜಮ್ಮ ಮೊಮ್ಮಗಳ ಕೆನ್ನೆ ಸವರಿ, ನೆಟಿಕೆ ಮುರಿದು, ಅತ್ತಳು. ಅತ್ತು ಮುಗಿಸಿ ಮೂಗೊರೆಸಿಕೊಂಡು ಸಮಾಧಾನದ ಉಸಿರುಬಿಟ್ಟಳು.

"ನೀನು ಯೋಳ್ದೆ ಕೇಳ್ದೆ ಅಮಾಸೆ ದಿನ ಆರ್ಬುಟ್ಟೆ. ಆದ್ರೂ ನೋಡವ್ವ, ನಿಮ್ ತಾತ ಬಂದು ಎಡೆ ಮುಟ್ಟಿತ್ತು. ಅದ್ಕೇ ಕಣವ್ವ ಜೀವ ಉಳೀತು. ಆ ಅದ್ದು ಎಲ್ಲಿಂದ ಬಂತೋ ಮುಂಡೇದು, ಅದ್ರ ಮನೆ ಆಳಾಗ!"

ಸ್ನೇಹಲತಾ ಕ್ಯಾರಿಯರ್ ಬಿಚ್ಚಿದಳು. ಹಿಂದಿನ ದಿನದ ಸಾರನ್ನೇ ಕಾಯಿಸಿ ತಂದಿದ್ದಳು. ಹಬ್ಬದ ಅಡುಗೆ, ಮಗಳ ಬಾಯಿಗೆ ಬೀಳದೆ ಹೋಗಬಾರದೆಂದು. ರಂಗಸ್ವಾಮಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತುತ್ತು ಹಿಡಿದು "ಆ ಅನ್ನು ಮಗ" ಎಂದ. ಅಂಗೈಯ ಬ್ಯಾಂಡೇಜು ಒದ್ದೆಯಾಯಿತು. ಅವಳು ಸಣ್ಣ ಮಗುವಿನ ಹಾಗೆ ಬಾಯಿ ತೆರೆದಳು. ತುತ್ತು ತುಟಿಯ ಹತ್ತಿರ ಹೋಗುತ್ತಲೇ ಮುಖವನ್ನು ತಟ್ಟನೆ ಹಿಂದಕ್ಕೆಳೆದುಕೊಂಡಳು.

"ಯಾಕವ್ವ? ಸುಡ್ತಾ?"

"ಅಪ್ಪ, ಇದೇ ವಾಸ್ನೆ."

"ಏನವ್ವ?"

"ಗಾಜು ಒಡೆದಾಗ ಒಳಗೆ ಇದೇ ವಾಸ್ನೆ ಬಂತು. ಕಣ್ಣು ಕಾಣ್ತಿರ್ಲಿಲ್ಲ, ಮೂಗಿಗೆ ಇದೇ ಬಡೀತು. ಸಾಯೋವಾಗ ಮನೆ ನೆನಪಾಗ್ತದೆ ಅಂತಾರಲ್ಲ, ಅದಿರ್ಬೇಕು, ನಾನು ಸತ್ತೇ ಓದೆ ಅಂದ್ಕಂಡೆ." ಅವಳು ಮತ್ತೆ ಮೂಸಿದಳು. "ಸರ್ ರಾತ್ರಿ ಯಾರ್ಗೋ ಯೋಳ್ತಿದ್ರು, ಚಿಕ್ಕಯ್ಯನ ಓಟ್ಲು ಮಾಂಸ ಅಂತ. ಅಲ್ಲ ಅಪ್ಪ. ಇದು ಅಮ್ಮ ಗಸಗಸೆ ಉರ್ದಾಕೋ ಸಾರು. ನಂಗೊತ್ತಿಲ್ವಾ?"

ಸ್ನೇಹಲತಾಳ ಕೈಯಲ್ಲಿದ್ದ ಮುಚ್ಚಳ ಠಣ್ಣೆಂದು ನೆಲಕ್ಕೆ ಬಿತ್ತು. ಅವಳು ಗಂಡನ ಮುಖ ನೋಡಿದಳು. ಎಡೆಯ ಎಲೆ ಹಿಡಿದು ಅವನು ಬೈಕು ಹತ್ತಿದ್ದನ್ನು ಕಂಡವಳು ಅವಳೊಬ್ಬಳೇ.

"ಏನಂತಾಳ್ಲಾ ಇವ್ಳು?" ಎಂದಳು ನಂಜಮ್ಮ. "ತಾರಸಿ ಮ್ಯಾಗಿಂದು ಆ ಅದ್ದು ಎತ್ಕಂಡು ಓಯ್ತಾ?"

ಊಂ ಅಂದುಬಿಟ್ಟರೆ ಮುಗಿಯುತ್ತಿತ್ತು. ತಾರಸಿಯದು ಯಾರ ತಪ್ಪೂ ಅಲ್ಲ, ಹದ್ದಿನ ತಪ್ಪು. ಚಿಕ್ಕಯ್ಯನ ಹೋಟ್ಲು ಇನ್ನೂ ಸುಲಭ. ರಂಗಸ್ವಾಮಿಯ ನಾಲಿಗೆಯ ತುದಿಗೆ ಆ ಊಂ ಬಂದೂ ಬಂತು. ಮಗಳ ಪಟ್ಟಿ ಕಟ್ಟಿದ ಮುಖ ಅವನ ಉತ್ತರಕ್ಕಾಗಿ ಅವನ ಕಡೆಗೇ ತಿರುಗಿತ್ತು. ಅವನು ಗುಡಿಸಿಟ್ಟ ಆಕಾಶ ಎಂದು ನಂಬಿ ಹೋದವಳು.

"ತಾರಸೀದಲ್ಲ ಕಣವ್ವ" ಎಂದ. "ತಾತನ ಗುಡ್ಡೆ ತಾವ ನಾನೇ ಎಸ್ದೆ. ಕಾಗೆ ಬರ್ನಿಲ್ಲ, ಅದ್ಕೆ ಅದ್ದು ಕರ್ದೆ. ನೀನು ಮ್ಯಾಲಿದ್ದೀಯ ಅಂತ ಗೊತ್ತಿರ್ನಿಲ್ಲ. ಕೂಗಿ ಎಬ್ಸಿದ್ದೂ ನಾನೇ."

ನಂಜಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಹಾಗೇ ಸ್ಟೂಲಿನ ಮೇಲೆ ಕುಸಿದಳು. "ನಾನು ಕಣ್ಲಾ, ನಾನು ಅಟ ಮಾಡ್ದೆ" ಎಂದು ಒಂದೇ ಸಮನೆ ತನ್ನ ಹಣೆ ಬಡಿದುಕೊಳ್ಳತೊಡಗಿದಳು. ಸ್ನೇಹಲತಾ ಅವಳ ಕೈ ಹಿಡಿದುಕೊಂಡಳು.

ಅನುಶ್ರೀ ಅರ್ಧ ತೆರೆದಿದ್ದ ಬಾಯಿಯನ್ನು ಮುಚ್ಚಿಕೊಂಡಳು. ರಂಗಸ್ವಾಮಿ ತುತ್ತು ಹಿಡಿದ ಕೈಯನ್ನು ಇಳಿಸಲಿಲ್ಲ. ಹಿಂದಿನ ದಿನ ತಾರಸಿಯ ಮೇಲೆ ಕಾದ ಹಾಗೆಯೇ ಕಾದ. ಸಾರು ಮೊಣಕೈಗೆ ಇಳಿದು ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಅವಳು ಬಾಯಿ ತೆರೆಯಲಿಲ್ಲ.